ಹದಿಹರೆಯದ ಖಿನ್ನತೆ: ಮುಚ್ಚಿಡುವ ಕಾಯಿಲೆಯಲ್ಲ, ಮದ್ದಿರುವ ಕಾಯಿಲೆ

ಮುಂಬಯಿ: ಹತ್ತನೇ ಮತ್ತು ಹನ್ನೆರಡನೇ ತರಗತಿಯ ಫಲಿತಾಂಶ ಹೊರಬಿದ್ದು ಮಳೆಗಾಲ ಕಾಲಿಟ್ಟಿತೆಂದರೆ ಮಹಾನಗರದ ಕನ್ನಡ ಸಂಘ-ಸಂಸ್ಥೆಗಳಲ್ಲಿ ಪ್ರತಿಭಾ ಪುರಸ್ಕಾರದ ಸಂಭ್ರಮ. ವಿದ್ಯಾರ್ಥಿವೇತನ, ಪುಸ್ತಕ ವಿತರಣೆ, ಶಾಲು, ಸ್ಮರಣಿಕೆ, ಗಣ್ಯರ ಹಿತವಚನ. ಶೇಕಡಾ 90 ದಾಟಿದ ಮಕ್ಕಳು ಒಬ್ಬೊಬ್ಬರಾಗಿ ವೇದಿಕೆ ಏರುವಾಗ ಸಭಾಂಗಣದಲ್ಲಿ ಕುಳಿತ ಹೆತ್ತವರ ಕಣ್ಣು ತುಂಬಿ ಬರುತ್ತದೆ. ಹೊರನಾಡ ಕನ್ನಡಿಗರು ದಶಕಗಳಿಂದ ಉಳಿಸಿಕೊಂಡು ಬಂದಿರುವ ಒಳ್ಳೆಯ ಪದ್ಧತಿಯಿದು.

ಆದರೆ ಆ ಸಭಾಂಗಣಕ್ಕೆ ಬಾರದ ಮಕ್ಕಳೂ ಇದ್ದಾರೆ. ಎರಡು ವರ್ಷದ ಹಿಂದೆ ಇದೇ ವೇದಿಕೆಯಲ್ಲಿ ಬಹುಮಾನ ಪಡೆದಿದ್ದ ಹುಡುಗಿ ಈ ಸಲ ಕಾಣುವುದಿಲ್ಲ. "ಮಗಳು ಯಾಕೆ ಬರಲಿಲ್ಲ?" ಎಂದು ಪರಿಚಯದವರು ಕೇಳಿದರೆ, "ಅವಳಿಗೆ ಕ್ಲಾಸ್ ಇದೆ" ಎಂದು ತಾಯಿ ಮಾತು ಬದಲಿಸುತ್ತಾರೆ. ಕ್ಲಾಸ್ ಇರುವುದಿಲ್ಲ. ಹುಡುಗಿ ಮನೆಯಲ್ಲೇ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಾಳೆ. ತಿಂಗಳುಗಳಿಂದ ಹಾಗೇ ಇದ್ದಾಳೆ.

ಆ ಹುಡುಗಿಗೆ ಇರಬಹುದಾದ ಕಾಯಿಲೆಯ ಹೆಸರು ಖಿನ್ನತೆ. ಇದಕ್ಕೆ ಚಿಕಿತ್ಸೆ ಇದೆ, ಮಹಾನಗರದ ಸರಕಾರಿ ಆಸ್ಪತ್ರೆಗಳಲ್ಲೂ ಸಿಗುತ್ತದೆ, ಹೆಚ್ಚಿನ ಮಕ್ಕಳು ಗುಣವಾಗುತ್ತಾರೆ. ಕೊರತೆ ಇರುವುದು ಮನೆಯಿಂದ ಆಸ್ಪತ್ರೆಯ ಬಾಗಿಲಿನವರೆಗಿನ ದಾರಿಯಲ್ಲಿ. ನಮ್ಮವರ ಮನೆಗಳಲ್ಲಿ ಆ ದಾರಿ ಬೇಕಾದ್ದಕ್ಕಿಂತ ಬಹಳ ಉದ್ದವಾಗಿಬಿಡುತ್ತದೆ.

ಒಂದು ಮನೆಯ ಚಿತ್ರ

ಮುಂದೆ ಹೇಳುವುದು ಯಾವುದೇ ಒಂದು ಮನೆಯ ಕಥೆಯಲ್ಲ. ಹಲವು ಮನೆಗಳಲ್ಲಿ ನಡೆಯುವುದನ್ನು ಒಂದೆಡೆ ತಂದು ನೋಡುವ ಪ್ರಯತ್ನ ಅಷ್ಟೇ.

ಡೊಂಬಿವಲಿಯಲ್ಲಿ ಒಂದು ಕೋಣೆ, ಅಡುಗೆಮನೆಯ ಸಂಸಾರ. ತಂದೆ ಫೋರ್ಟ್ ಕಡೆಯ ಹೊಟೇಲೊಂದರ ಗಲ್ಲಾದಲ್ಲಿ ಕುಳಿತುಕೊಳ್ಳುವವರು. ಬೆಳಕು ಹರಿಯುವ ಮೊದಲು ಲೋಕಲ್ ಹಿಡಿದರೆ ಮರಳುವುದು ಮಕ್ಕಳು ಮಲಗಿದ ಮೇಲೆ. ತಾಯಿ ಮನೆಯಲ್ಲೇ ಹೊಲಿಗೆ ಮಾಡುತ್ತಾರೆ. ಹತ್ತನೆಯಲ್ಲಿ ಒಳ್ಳೆಯ ಅಂಕ ತೆಗೆದ ಮಗಳು ಹನ್ನೊಂದನೇ ವಿಜ್ಞಾನಕ್ಕೆ ಸೇರಿದ್ದಾಳೆ, ಜತೆಗೆ ಕೋಚಿಂಗ್ ಕ್ಲಾಸ್. ದೀಪಾವಳಿಯ ಹೊತ್ತಿಗೆ ಅವಳಿಗೆ ಆಗಾಗ ತಲೆನೋವು, ಹೊಟ್ಟೆನೋವು. ಬಾಗಿಲ ಬಳಿಯ ಡಾಕ್ಟರರು ಆಸಿಡಿಟಿ ಎಂದು ಮಾತ್ರೆ ಕೊಡುತ್ತಾರೆ. ಡಿಸೆಂಬರಿನಲ್ಲಿ ಗೆಳತಿಯರ ಜತೆ ಮಾತು ನಿಲ್ಲುತ್ತದೆ. ಸಣ್ಣ ಮಾತಿಗೂ ತಮ್ಮನ ಮೇಲೆ ರೇಗುತ್ತಾಳೆ. ರಾತ್ರಿ ಎರಡು ಗಂಟೆಯಾದರೂ ನಿದ್ದೆ ಇಲ್ಲ, ಬೆಳಿಗ್ಗೆ ಏಳಲಾಗುವುದಿಲ್ಲ. "ಎಲ್ಲ ಮೊಬೈಲಿನಿಂದ" ಎಂದು ತಂದೆ ಫೋನ್ ಕಸಿದಿಡುತ್ತಾರೆ. ಊರಿನಿಂದ ಅಜ್ಜಿ ಫೋನಿನಲ್ಲಿ, "ದೃಷ್ಟಿ ತಾಗಿರಬೇಕು, ಒಮ್ಮೆ ಕರೆದುಕೊಂಡು ಬನ್ನಿ" ಎನ್ನುತ್ತಾರೆ. ಮೇ ತಿಂಗಳಲ್ಲಿ ಊರಿಗೆ ಹೋಗಿ ಹರಕೆ ಸಲ್ಲಿಸಿ, ಜ್ಯೋತಿಷಿಗಳನ್ನು ಕಂಡು ಬರುತ್ತಾರೆ. ಹುಡುಗಿ ಎರಡು ವಾರ ಸ್ವಲ್ಪ ಗೆಲುವಾಗಿದ್ದು ಮತ್ತೆ ಮೊದಲಿನಂತೆಯೇ ಆಗುತ್ತಾಳೆ. ಕೊನೆಗೆ ಕಾಲೇಜಿನ ಅಧ್ಯಾಪಕಿಯೊಬ್ಬರು ತಾಯಿಯನ್ನು ಕರೆಸಿ, "ಇವಳನ್ನು ಮನೋವೈದ್ಯರಿಗೆ ತೋರಿಸಿ" ಎನ್ನುವ ಹೊತ್ತಿಗೆ ಏಳೆಂಟು ತಿಂಗಳು ಕಳೆದಿರುತ್ತವೆ.

ಈ ಮನೆಯಲ್ಲಿ ಯಾರೂ ಮಗುವನ್ನು ಕಡೆಗಣಿಸಲಿಲ್ಲ. ಎಲ್ಲರೂ ತಮಗೆ ತಿಳಿದದ್ದನ್ನು ಮಾಡಿದರು. ತಿಳಿಯದೆ ಇದ್ದದ್ದು ಒಂದೇ: ಇದು ಮನೋವೈದ್ಯರು ನೋಡಬೇಕಾದ ಕಾಯಿಲೆ ಎಂಬುದು.

"ಬೇಜಾರು" ಎಂಬ ಒಂದೇ ಮಾತು

ಹೊರನಾಡಿನ ಮನೆಗಳಲ್ಲಿ ಇನ್ನೊಂದು ತೊಡಕಿದೆ. ತಾಯಿಗೆ ಕನ್ನಡ ಅಥವಾ ತುಳು. ಮಗುವಿಗೆ ಶಾಲೆಯಲ್ಲಿ ಇಂಗ್ಲಿಷ್, ಕಟ್ಟಡದ ಕೆಳಗೆ ಆಡುವಾಗ ಹಿಂದಿ, ಮರಾಠಿ. ಊಟ, ಬಟ್ಟೆ, ಪರೀಕ್ಷೆಯ ಮಾತಿಗೆ ಮನೆಯ ಭಾಷೆ ಸಾಕಾಗುತ್ತದೆ. ಮನಸ್ಸಿನ ಒಳಗಿನ ಸಂಕಟ ಹೇಳಿಕೊಳ್ಳುವಷ್ಟು ಅದು ಮಗುವಿಗೆ ಬಂದಿರುವುದಿಲ್ಲ. ಮಗು ಇಂಗ್ಲಿಷಿನಲ್ಲಿ ಹೇಳುವುದು ತಾಯಿಗೆ ತಲುಪುವುದಿಲ್ಲ. ಕೊನೆಗೆ ಇಬ್ಬರಿಗೂ ಗೊತ್ತಿರುವ ಒಂದು ಮಾತು ಉಳಿಯುತ್ತದೆ: "ಬೇಜಾರು".

ಬಸ್ಸು ತಡವಾದರೂ ಬೇಜಾರು, ನೆಂಟರು ಹೊರಟು ಹೋದರೂ ಬೇಜಾರು, ಮಾಡಲು ಕೆಲಸವಿಲ್ಲದಿದ್ದರೂ ಬೇಜಾರು, ಬದುಕೇ ಬೇಡವೆನಿಸಿದರೂ ಬೇಜಾರು. ಮಗು "ಬೇಜಾರಾಗುತ್ತದೆ" ಅಥವಾ "ಬೋರ್ ಆಗುತ್ತದೆ" ಎಂದಾಗ, "ಹೊರಗೆ ಹೋಗಿ ಆಡು, ಓದಲು ಕುಳಿತುಕೋ" ಎಂಬ ಉತ್ತರ ಬರುವುದು ಅದಕ್ಕಾಗಿಯೇ. ಆ ಮಾತನ್ನು ಮತ್ತೆ ಮತ್ತೆ ಕೇಳುತ್ತಿದ್ದರೆ ಹೆತ್ತವರು ಇನ್ನೊಂದು ಪ್ರಶ್ನೆ ಕೇಳಬೇಕು: "ಯಾವ ತರಹದ ಬೇಜಾರು ಮಗಾ? ಎಷ್ಟು ದಿನದಿಂದ?" ಮಗು ಯಾವ ಭಾಷೆಯಲ್ಲಿ ಉತ್ತರಿಸಿದರೂ ಸರಿ, ನಡುವೆ ಬಾಯಿ ಹಾಕದೆ ಕೇಳಬೇಕು. ಅರ್ಥವಾಗದಿದ್ದರೆ ಅರ್ಥವಾಗುವ ಅಕ್ಕನನ್ನೋ ಚಿಕ್ಕಪ್ಪನ ಮಗನನ್ನೋ ಜತೆಗೆ ಕೂರಿಸಿಕೊಳ್ಳುವುದರಲ್ಲಿ ತಪ್ಪಿಲ್ಲ.

ಗುರುತಿಸುವುದು ಹೇಗೆ?

ಹದಿಹರೆಯದಲ್ಲಿ ಮುನಿಸು, ಮೌನ, ಹಟ ಎಲ್ಲ ಸಹಜ. ಪರೀಕ್ಷೆಯಲ್ಲಿ ಅಂಕ ಕಡಿಮೆಯಾದರೆ ಎರಡು ದಿನ ಅಳುವುದು ಕಾಯಿಲೆಯಲ್ಲ. ವೈದ್ಯರು ನೋಡುವುದು ಮುಖ್ಯವಾಗಿ ಎರಡು ಸಂಗತಿಗಳನ್ನು. ಒಂದು, ದಿನದ ಹೆಚ್ಚಿನ ಹೊತ್ತು ಇರುವ ದುಃಖ, ಸಿಡುಕು ಅಥವಾ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಕನಿಷ್ಠ ಎರಡು ವಾರ ಬಿಡದೆ ಮುಂದುವರಿದಿದೆಯೇ ಎಂಬುದು. ಎರಡು, ಅದರಿಂದ ಓದು, ಊಟ, ನಿದ್ದೆ, ಗೆಳೆತನ ಕೆಡುತ್ತಿವೆಯೇ ಎಂಬುದು.

ದೊಡ್ಡವರಲ್ಲಿ ಖಿನ್ನತೆ ಸಾಮಾನ್ಯವಾಗಿ ಅಳುಮುಖವಾಗಿ ಕಾಣುತ್ತದೆ. ಹದಿಹರೆಯದವರಲ್ಲಿ ಅದು ಅನೇಕ ಸಲ ಸಿಟ್ಟಿನ ರೂಪದಲ್ಲಿ ಕಾಣುತ್ತದೆ. ಹಾಗಾಗಿಯೇ "ಹುಡುಗ ಕೆಟ್ಟುಹೋದ, ಮಾತು ಕೇಳುವುದಿಲ್ಲ" ಎಂಬ ದೂರಿನ ಹಿಂದೆ ಕಾಯಿಲೆ ಅಡಗಿರುವುದುಂಟು. ಊಟ ತೀರಾ ಕಡಿಮೆಯಾಗುವುದು ಅಥವಾ ಮಿತಿಮೀರುವುದು, ನಿದ್ದೆ ಬಾರದಿರುವುದು ಅಥವಾ ಹಗಲೆಲ್ಲ ಮಲಗುವುದು, ಓದಿದ್ದು ತಲೆಗೆ ಹತ್ತದಿರುವುದು, ಕಾರಣ ಸಿಗದ ಮೈಕೈ ನೋವು, ಪ್ರೀತಿಯ ಕ್ರಿಕೆಟ್ಟೋ ಯಕ್ಷಗಾನ ತರಗತಿಯೋ ಬೇಡವೆನ್ನುವುದು, "ನಾನು ಯಾವುದಕ್ಕೂ ಪ್ರಯೋಜನವಿಲ್ಲ" ಎಂಬ ಮಾತು, ಇವೆಲ್ಲ ಗಮನಿಸಬೇಕಾದ ಲಕ್ಷಣಗಳು. ಒಂದೆರಡು ಲಕ್ಷಣ ಕಂಡೊಡನೆ ಖಿನ್ನತೆ ಎಂದು ಮನೆಯಲ್ಲೇ ತೀರ್ಮಾನಿಸಬೇಕಿಲ್ಲ. ಎರಡು ವಾರ ಮುಂದುವರಿದರೆ ವೈದ್ಯರಿಗೆ ತೋರಿಸಬೇಕು ಎಂದು ತೀರ್ಮಾನಿಸಿದರೆ ಸಾಕು.

ಅಂಕಿ-ಅಂಶ ಹೇಳುವುದೇನು?

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ 13ರಿಂದ 17 ವರ್ಷದವರಲ್ಲಿ ಶೇಕಡಾ 7.3ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಹುಡುಗರು, ಹುಡುಗಿಯರ ನಡುವೆ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಮಹಾನಗರದಲ್ಲಿ ನೆಲೆಸಿದವರು ಮುಖ್ಯವಾಗಿ ಗಮನಿಸಬೇಕಾದ ಸಂಖ್ಯೆ ಇನ್ನೊಂದಿದೆ. ಹಳ್ಳಿಗಳಲ್ಲಿ ಈ ಪ್ರಮಾಣ ಶೇಕಡಾ 6.9 ಇದ್ದರೆ ಮಹಾನಗರಗಳಲ್ಲಿ ಅದು ಶೇಕಡಾ 13.5, ಅಂದರೆ ಹೆಚ್ಚು ಕಡಿಮೆ ಇಮ್ಮಡಿ. ಚಿಕಿತ್ಸೆ ಬೇಕಾದ ಪ್ರತಿ 10 ಮಂದಿಯಲ್ಲಿ 7ಕ್ಕೂ ಹೆಚ್ಚು ಜನರಿಗೆ ಅದು ಸಿಕ್ಕಿಲ್ಲ ಎಂಬುದೂ ಇದೇ ಸಮೀಕ್ಷೆಯಿಂದ ತಿಳಿಯಿತು.

ಚಿಕಿತ್ಸೆ ಸಿಗದೆ ಹೋದರೆ ಏನಾಗಬಹುದು ಎಂಬುದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ 13 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರು. ಆ ಪಟ್ಟಿಯಲ್ಲಿ ಮಹಾರಾಷ್ಟ್ರವೇ ಮೊದಲ ಸ್ಥಾನದಲ್ಲಿತ್ತು. ಇದೆಲ್ಲಕ್ಕೂ ಖಿನ್ನತೆಯೊಂದೇ ಕಾರಣವಲ್ಲ. ಆದರೆ ತಡೆಯಬಹುದಾದ ಕಾರಣಗಳಲ್ಲಿ ಅದು ಮುಖ್ಯವಾದುದು.

ಮೊದಲು ಯಾರ ಬಳಿ ಹೋಗಬೇಕು?

ನಿಮ್ಮ ಕುಟುಂಬ ವೈದ್ಯರಿಂದಲೇ ಆರಂಭಿಸಬಹುದು. ತಲೆನೋವು, ಸುಸ್ತು ಮಾತ್ರ ಹೇಳಿ ಬರಬಾರದು. ನಿದ್ದೆ, ಮಾತು, ಓದಿನಲ್ಲಿ ಆದ ಬದಲಾವಣೆಯನ್ನೂ ಹೇಳಬೇಕು. ರಕ್ತಹೀನತೆ, ಥೈರಾಯ್ಡ್ ತೊಂದರೆ, ಬಿ-12 ಜೀವಸತ್ವದ ಕೊರತೆಗಳೂ ಸುಸ್ತು, ನಿರಾಸಕ್ತಿ ತರಬಲ್ಲವು. ಆದ್ದರಿಂದ ವೈದ್ಯರು ರಕ್ತಪರೀಕ್ಷೆ ಬರೆದುಕೊಡುವುದುಂಟು. ಆಮೇಲೆ ಮನೋವೈದ್ಯರು.

ಇಲ್ಲಿ ಒಂದು ವ್ಯತ್ಯಾಸ ತಿಳಿದಿರಬೇಕು. ಮನೋವೈದ್ಯರು ವೈದ್ಯಕೀಯ ಓದಿದವರು, ಅಗತ್ಯವಿದ್ದರೆ ಔಷಧ ಕೊಡಬಲ್ಲವರು. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದರೆ ಮಾತಿನ ಮೂಲಕ ಚಿಕಿತ್ಸೆ ನೀಡಲು ವಿಶೇಷ ತರಬೇತಿ ಪಡೆದವರು. ಅವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು. ಬೋರ್ಡ್ ಹಾಕಿಕೊಂಡ ಎಲ್ಲ "ಕೌನ್ಸೆಲರ್"ಗಳೂ ಈ ಅರ್ಹತೆ ಪಡೆದವರಲ್ಲ. ನೋಂದಣಿ ಸಂಖ್ಯೆ ಕೇಳಲು ಸಂಕೋಚಪಡಬೇಕಾಗಿಲ್ಲ.

ಖರ್ಚಿನ ಭಯದಿಂದ ಹಿಂಜರಿಯುವವರು ಸಾರ್ವಜನಿಕ ಆಸ್ಪತ್ರೆಗಳನ್ನು ನೆನಪಿಟ್ಟುಕೊಳ್ಳಬೇಕು. ಪರೇಲ್‌ನ ಕೆಇಎಂ, ಸಯನ್‌ನ ಲೋಕಮಾನ್ಯ ತಿಲಕ್, ಮುಂಬಯಿ ಸೆಂಟ್ರಲ್‌ನ ನಾಯರ್, ವಿಲೆಪಾರ್ಲೆಯ ಕೂಪರ್, ಬೈಕುಲಾದ ಜೆ.ಜೆ. ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗಗಳಿವೆ. ಬೆಳಿಗ್ಗೆ ಬೇಗ ಹೋಗಿ ಕೇಸ್ ಪೇಪರ್ ಮಾಡಿಸಿದರೆ ಅಲ್ಪ ಶುಲ್ಕದಲ್ಲಿ ತಜ್ಞರೇ ನೋಡುತ್ತಾರೆ. ಸಾಲು ಉದ್ದವಿರುತ್ತದೆ, ತಾಳ್ಮೆ ಬೇಕು. ಥಾಣೆಯಲ್ಲಿ 1901ರಿಂದ ನಡೆದುಬಂದಿರುವ ಪ್ರಾದೇಶಿಕ ಮನೋರೋಗ ಆಸ್ಪತ್ರೆ ಇದೆ. ಪುಣೆಯವರಿಗೆ ಸಸೂನ್, ಹೈದರಾಬಾದಿನವರಿಗೆ ಎರ್ರಗಡ್ಡದ ಮಾನಸಿಕ ಆರೋಗ್ಯ ಸಂಸ್ಥೆ, ಚೆನ್ನೈಯವರಿಗೆ ಕೀಳ್ಪಾಕ್‌ನ ಸಂಸ್ಥೆ, ದಿಲ್ಲಿಯವರಿಗೆ ಏಮ್ಸ್ ಮತ್ತು ದಿಲ್ಶಾದ್ ಗಾರ್ಡನ್‌ನ ಇಹಬಾಸ್ ಇವೆ. ಊರಿನ ಕಡೆ ಹೋಗುವವರಿಗೆ ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆ ಹಾಗೂ ಬೆಂಗಳೂರಿನ ನಿಮ್ಹಾನ್ಸ್ ಇವೆ. ನಿಮ್ಹಾನ್ಸ್‌ನಲ್ಲಿ ಮಕ್ಕಳು ಮತ್ತು ಹದಿಹರೆಯದವರಿಗಾಗಿಯೇ ಪ್ರತ್ಯೇಕ ವಿಭಾಗವಿದೆ.

ಹೊರಗೆ ಕಾಲಿಡುವ ಮೊದಲು ಯಾರೊಂದಿಗಾದರೂ ಮಾತನಾಡಬೇಕೆನಿಸಿದರೆ ಕೇಂದ್ರ ಸರಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ. 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು ಆರಂಭವಾದ ಇದರ ಸಂಖ್ಯೆ 14416. ಕರೆ ಉಚಿತ, ದಿನದ 24 ಗಂಟೆಯೂ ಲಭ್ಯ, ಕನ್ನಡವೂ ಸೇರಿದಂತೆ ಹಲವು ಭಾಷೆಗಳ ಸೌಲಭ್ಯವಿದೆ. ಮಗುವಿಗೆ ಹಿಂದಿಯಲ್ಲಿ ಮಾತನಾಡುವುದು ಸುಲಭವಾದರೆ ಅದನ್ನು, ತಾಯಿಗೆ ಕನ್ನಡ ಬೇಕಾದರೆ ಕನ್ನಡವನ್ನು ಆರಿಸಿಕೊಳ್ಳಬಹುದು. ಮಕ್ಕಳು ತಾವೇ ಕರೆಮಾಡಬಹುದಾದ ಇನ್ನೊಂದು ಸಂಖ್ಯೆ 1098.

ಆಸ್ಪತ್ರೆಯ ಒಳಗೆ ಏನು ನಡೆಯುತ್ತದೆ?

ಅನೇಕರಿಗೆ ಮನೋವೈದ್ಯರೆಂದರೆ ಕರೆಂಟ್ ಕೊಡುವ ಸಿನಿಮಾ ದೃಶ್ಯ ನೆನಪಾಗುತ್ತದೆ. ನಿಜದಲ್ಲಿ ಮೊದಲ ಭೇಟಿಯಲ್ಲಿ ನಡೆಯುವುದು ಮಾತುಕತೆ. ವೈದ್ಯರು ಮೊದಲು ಮನೆಯವರಿಂದ ವಿಷಯ ತಿಳಿದುಕೊಳ್ಳುತ್ತಾರೆ, ಆಮೇಲೆ ಮಗುವಿನೊಂದಿಗೆ ಸ್ವಲ್ಪ ಹೊತ್ತು ಪ್ರತ್ಯೇಕವಾಗಿ ಮಾತನಾಡುತ್ತಾರೆ. "ನಮ್ಮನ್ನು ಹೊರಗೆ ಕಳುಹಿಸಿದರು" ಎಂದು ಹೆತ್ತವರು ನೊಂದುಕೊಳ್ಳಬಾರದು. ಅಮ್ಮನ ಮುಂದೆ ಹೇಳಲಾಗದ್ದನ್ನು ಹೇಳಲು ಮಗುವಿಗೆ ಒಂದು ಅವಕಾಶ ಬೇಕು. ಜೀವಕ್ಕೆ ಅಪಾಯವಿರುವ ವಿಷಯವಾದರೆ ವೈದ್ಯರು ಮನೆಯವರಿಗೆ ತಿಳಿಸಿಯೇ ತಿಳಿಸುತ್ತಾರೆ.

ಖಿನ್ನತೆ ಸೌಮ್ಯವಾಗಿದ್ದರೆ ಮಾತಿನ ಚಿಕಿತ್ಸೆಯೊಂದೇ ಸಾಕಾಗಬಹುದು. ಮನಸ್ಸಿನಲ್ಲಿ ತಾನಾಗಿ ಬರುವ "ನನ್ನಿಂದ ಆಗದು" ಎಂಬಂಥ ಯೋಚನೆಗಳನ್ನು ಗುರುತಿಸಿ, ಅವು ಎಷ್ಟು ನಿಜ ಎಂದು ಪರೀಕ್ಷಿಸಿ, ಬಿಟ್ಟುಹೋದ ಚಟುವಟಿಕೆಗಳನ್ನು ಸ್ವಲ್ಪ ಸ್ವಲ್ಪವಾಗಿ ಮತ್ತೆ ಆರಂಭಿಸುವುದನ್ನು ಅದರಲ್ಲಿ ಕಲಿಸುತ್ತಾರೆ. ವಾರಕ್ಕೊಂದರಂತೆ ಕೆಲವು ತಿಂಗಳು ನಡೆಯುವ ಈ ಭೇಟಿಗಳನ್ನು ನಡುವೆ ಬಿಡಬಾರದು.

ಕಾಯಿಲೆ ಮಧ್ಯಮ ಅಥವಾ ತೀವ್ರವಾಗಿದ್ದರೆ ಔಷಧವೂ ಬೇಕಾಗುತ್ತದೆ. ಹದಿಹರೆಯದವರಿಗೆ ವೈದ್ಯರು ಸಾಮಾನ್ಯವಾಗಿ ಮೊದಲು ಯೋಚಿಸುವ ಮಾತ್ರೆ ಫ್ಲೂಆಕ್ಸೆಟಿನ್. ಅಮೆರಿಕದಲ್ಲಿ 12ರಿಂದ 17 ವರ್ಷದ 439 ಮಂದಿಯ ಮೇಲೆ ನಡೆಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಮಾತ್ರೆ ಮತ್ತು ಮಾತಿನ ಚಿಕಿತ್ಸೆ ಎರಡನ್ನೂ ಪಡೆದವರಲ್ಲಿ ಶೇಕಡಾ 71 ಮಂದಿ 12 ವಾರಗಳಲ್ಲಿ ಚೇತರಿಕೆ ಕಂಡರು. ಮಾತ್ರೆ ಮಾತ್ರ ಪಡೆದವರಲ್ಲಿ ಈ ಪ್ರಮಾಣ ಸುಮಾರು 61 ಇದ್ದರೆ, ಔಷಧವಿಲ್ಲದ ಸುಳ್ಳು ಮಾತ್ರೆ ಪಡೆದವರಲ್ಲಿ ಸುಮಾರು 35 ಮಾತ್ರ ಇತ್ತು.

ಮಾತ್ರೆಯ ಬಗ್ಗೆ ಮೂರು ವಿಷಯಗಳನ್ನು ನೆನಪಿಡಬೇಕು. ಮೊದಲನೆಯದಾಗಿ, ಅದು ಜ್ವರದ ಮಾತ್ರೆಯಂತೆ ಒಂದೇ ದಿನದಲ್ಲಿ ಕೆಲಸ ಮಾಡದು. ಪರಿಣಾಮ ಕಾಣಲು ಕೆಲವು ವಾರಗಳೇ ಬೇಕು. ಎರಡನೆಯದಾಗಿ, ಮೊದಲ ವಾರಗಳಲ್ಲಿ ಕೆಲವು ಮಕ್ಕಳಲ್ಲಿ ಚಡಪಡಿಕೆ, ಸಾಯುವ ಯೋಚನೆ ಹೆಚ್ಚಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004ರಲ್ಲಿಯೇ ಎಚ್ಚರಿಸಿದೆ. ಹೆದರಿ ಮಾತ್ರೆ ಬಿಡಬೇಕೆಂದು ಇದರ ಅರ್ಥವಲ್ಲ. ಆ ದಿನಗಳಲ್ಲಿ ಮಗುವಿನ ಮೇಲೆ ಕಣ್ಣಿಟ್ಟಿರಬೇಕು, ಬದಲಾವಣೆ ಕಂಡರೆ ಕೂಡಲೇ ವೈದ್ಯರಿಗೆ ತಿಳಿಸಬೇಕು. ಮೂರನೆಯದಾಗಿ, ಗೆಲುವಾದಳೆಂದು ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು. ಗುಣವಾದ ಮೇಲೂ ಸಾಮಾನ್ಯವಾಗಿ ಆರು ತಿಂಗಳಿಗೂ ಹೆಚ್ಚು ಕಾಲ ಮುಂದುವರಿಸಿ, ವೈದ್ಯರೇ ಸ್ವಲ್ಪ ಸ್ವಲ್ಪವಾಗಿ ಕಡಿಮೆ ಮಾಡುತ್ತಾರೆ. "ಒಮ್ಮೆ ಶುರುಮಾಡಿದರೆ ಜೀವಮಾನವಿಡೀ ಬೇಕು, ಚಟವಾಗುತ್ತದೆ" ಎಂಬ ನಂಬಿಕೆಗೆ ಆಧಾರವಿಲ್ಲ. ದೀರ್ಘಕಾಲ ತೆಗೆದುಕೊಂಡರೆ ಅಭ್ಯಾಸವಾಗಬಲ್ಲವು ಕೆಲವು ನಿದ್ದೆ ಮಾತ್ರೆಗಳು. ಅವೇ ಬೇರೆ, ಇವೇ ಬೇರೆ.

ಕೇಳಲು ಹೆದರಬಾರದ ಪ್ರಶ್ನೆ

"ಸಾಯಬೇಕು ಅನಿಸುತ್ತದೆಯೇ?" ಎಂದು ಕೇಳಿದರೆ ಇಲ್ಲದ ಯೋಚನೆಯನ್ನು ಮಗುವಿನ ತಲೆಗೆ ಹಾಕಿದಂತಾಗುತ್ತದೆ ಎಂದು ಹೆಚ್ಚಿನ ಹೆತ್ತವರು ಅಂಜುತ್ತಾರೆ. ಹಾಗಾಗುವುದಿಲ್ಲ ಎಂಬುದು ವೈದ್ಯರ ಅನುಭವ ಮತ್ತು ಅಧ್ಯಯನಗಳೆರಡರಿಂದಲೂ ತಿಳಿದುಬಂದಿದೆ. ಯಾರಾದರೂ ಕೇಳಿದರಲ್ಲ ಎಂಬ ನಿರಾಳವೇ ಮಗುವಿಗೆ ಹೆಚ್ಚು. ಕೇಳುವಾಗ ಗದರಿಕೆ ಇರಬಾರದು, ಆಣೆ-ಪ್ರಮಾಣ ಬೇಡ. "ನಿನಗೆ ಅಷ್ಟೊಂದು ಕಷ್ಟವಾಗುತ್ತಿದೆಯಾ? ನನಗೆ ಹೇಳು, ನಾನು ಸಿಟ್ಟಾಗುವುದಿಲ್ಲ" ಎಂದರೆ ಸಾಕು.

ಹೌದೆಂದು ಉತ್ತರ ಬಂದರೆ, ಅಥವಾ ಮಗು ವಿದಾಯದ ಮಾತಾಡಿದರೆ, ತನ್ನ ಪ್ರೀತಿಯ ವಸ್ತುಗಳನ್ನು ಹಂಚತೊಡಗಿದರೆ, ಮೈಮೇಲೆ ಗಾಯ ಮಾಡಿಕೊಂಡಿದ್ದರೆ ಆ ದಿನವೇ ಆಸ್ಪತ್ರೆಗೆ ಕರೆದೊಯ್ಯಬೇಕು. ಅಲ್ಲಿಯವರೆಗೆ ಮಗುವನ್ನು ಒಂಟಿಯಾಗಿ ಬಿಡಬಾರದು, ಮನೆಯಲ್ಲಿರುವ ಔಷಧ ಮತ್ತಿತರ ಅಪಾಯಕಾರಿ ವಸ್ತುಗಳನ್ನು ಬೀಗ ಹಾಕಿಡಬೇಕು. ತುರ್ತು ಸ್ಥಿತಿಯಲ್ಲಿ 112ಕ್ಕೆ ಕರೆಮಾಡಬಹುದು, ಯಾವುದೇ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ನೇರವಾಗಿ ಹೋಗಬಹುದು.

ಕಾನೂನು ಜತೆಗಿದೆ

"ಪೊಲೀಸ್ ಕೇಸ್ ಆದೀತು, ಹೆಸರು ಹೊರಬಿದ್ದರೆ ಮುಂದೆ ಸಂಬಂಧ ಕೂಡಿ ಬರಲಿಕ್ಕಿಲ್ಲ" ಎಂಬ ಅಂಜಿಕೆ ಅನೇಕ ಮನೆಗಳನ್ನು ಕಟ್ಟಿಹಾಕಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಅದರಂತೆ ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರ ಆರೈಕೆ ಸರಕಾರದ ಕರ್ತವ್ಯ. ರೋಗಿಯ ವಿವರಗಳನ್ನು ಗೋಪ್ಯವಾಗಿಡುವುದು ಆಸ್ಪತ್ರೆಯ ಹೊಣೆ. 18 ತುಂಬದ ಮಕ್ಕಳ ಪರವಾಗಿ ಹೆತ್ತವರು ಅಥವಾ ಪೋಷಕರು ತೀರ್ಮಾನಗಳಲ್ಲಿ ಪಾಲ್ಗೊಳ್ಳುತ್ತಾರೆ. ದೇಹದ ಕಾಯಿಲೆಗೆ ಇರುವಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಇರಬೇಕೆಂಬುದು ಇದೇ ಕಾಯ್ದೆಯ ಇನ್ನೊಂದು ಅಂಶ. ಮೆಡಿಕ್ಲೈಮ್ ಪಾಲಿಸಿ ಇರುವವರು ತಮ್ಮ ಏಜೆಂಟರನ್ನು ಕೇಳಿ ನಿಯಮ ತಿಳಿದುಕೊಳ್ಳುವುದು ಒಳ್ಳೆಯದು.

2025ರ ಜುಲೈಯಲ್ಲಿ ಸುಪ್ರೀಂ ಕೋರ್ಟು ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ದೇಶದ ಶಿಕ್ಷಣ ಸಂಸ್ಥೆಗಳಿಗೆಲ್ಲ ಅನ್ವಯಿಸುವ ಮಾರ್ಗಸೂಚಿ ನೀಡಿತು. 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳು ತರಬೇತಿ ಪಡೆದ ಸಲಹೆಗಾರರನ್ನು ನೇಮಿಸಬೇಕೆಂಬುದು ಅದರಲ್ಲಿ ಸೇರಿದೆ; ಕೋಚಿಂಗ್ ಕೇಂದ್ರಗಳೂ ಅದರ ವ್ಯಾಪ್ತಿಗೆ ಬರುತ್ತವೆ. ಶಾಲೆ, ಕಾಲೇಜು ನಡೆಸುತ್ತಿರುವ ನಮ್ಮ ಸಂಸ್ಥೆಗಳೂ, ಮಕ್ಕಳನ್ನು ಕೋಚಿಂಗಿಗೆ ಕಳುಹಿಸುವ ಹೆತ್ತವರೂ ಇದನ್ನು ತಿಳಿದಿರಬೇಕು.

ತಾಯಿ ಗುರುತಿಸಿದ ಉದಾಹರಣೆ

ಮೂಲತಃ ಕುಂದಾಪುರ ಸೀಮೆಯ ಪಡುಕೋಣೆ ಮನೆತನದ ನಟಿ ದೀಪಿಕಾ ಪಡುಕೋಣೆ ತಾವು 2014ರಲ್ಲಿ ಖಿನ್ನತೆಯಿಂದ ಬಳಲಿದ್ದನ್ನು ಮರುವರ್ಷ ಬಹಿರಂಗವಾಗಿ ಹೇಳಿಕೊಂಡರು. ಅವರು ಆಗ ಹದಿಹರೆಯ ದಾಟಿದ್ದರು, ಹೆಸರು, ಹಣ ಎಲ್ಲವೂ ಇತ್ತು. ಬೆಂಗಳೂರಿನಿಂದ ಮುಂಬಯಿಗೆ ಮಗಳನ್ನು ನೋಡಲು ಬಂದಿದ್ದ ತಾಯಿ ಉಜ್ಜಲಾ ಅವರೇ ಏನೋ ಸರಿಯಿಲ್ಲವೆಂದು ಗುರುತಿಸಿ ತಜ್ಞರ ನೆರವು ಪಡೆಯುವಂತೆ ಹೇಳಿದ್ದರು. ಚಿಕಿತ್ಸೆ ಪಡೆದು ಅವರು ಮತ್ತೆ ಕೆಲಸಕ್ಕೆ ಮರಳಿದರು. 2015ರಲ್ಲಿ ಇದೇ ಉದ್ದೇಶಕ್ಕಾಗಿ ಪ್ರತಿಷ್ಠಾನವೊಂದನ್ನೂ ಕಟ್ಟಿದರು. ತಾಯಿ ಅಂದು "ಸುಸ್ತಾಗಿರಬೇಕು, ನಾಲ್ಕು ದಿನ ಮಲಗು" ಎಂದು ಹೇಳಿ ಹೊರಟಿದ್ದರೆ ಏನಾಗುತ್ತಿತ್ತೋ.

ಊರು, ದೈವ, ಡಾಕ್ಟರು

ಊರಿನ ದೈವ-ದೇವರಲ್ಲಿ ನಂಬಿಕೆ ಇರುವವರು ಅದನ್ನು ಬಿಡಬೇಕೆಂದು ಯಾವ ಒಳ್ಳೆಯ ವೈದ್ಯರೂ ಹೇಳುವುದಿಲ್ಲ. ಹರಕೆ ಸಲ್ಲಿಸುವುದರಿಂದ ಮನೆಯವರಿಗೆ ಧೈರ್ಯ ಬರುವುದಾದರೆ ಬರಲಿ. ಅಜ್ಜಿಯ ಮಡಿಲು, ಊರಿನ ಮನೆಯ ಅಂಗಳ ಮಗುವಿಗೆ ಹಿತ ನೀಡುವುದೂ ನಿಜ. ಆದರೆ ಮಧುಮೇಹಕ್ಕೆ ಹರಕೆಯ ಜತೆ ಮಾತ್ರೆಯನ್ನೂ ತೆಗೆದುಕೊಳ್ಳುವ ಮನೆಯವರು ಖಿನ್ನತೆಗೆ ಮಾತ್ರ ಹರಕೆಯೊಂದನ್ನೇ ನೆಚ್ಚಿಕೊಳ್ಳುವುದು ಸರಿಯಲ್ಲ. ಊರಿಗೆ ಕಳುಹಿಸುವುದಾದರೆ ವೈದ್ಯರ ಚೀಟಿ, ಮಾತ್ರೆಗಳೂ ಜತೆಗೆ ಹೋಗಲಿ. ಮುಂದಿನ ಭೇಟಿಯ ದಿನಾಂಕಕ್ಕೆ ಸರಿಯಾಗಿ ಟಿಕೇಟ್ ಮಾಡಿಸಿರಲಿ.

ಸಂಘಗಳು ಮಾಡಬಹುದಾದದ್ದು

ಹಳ್ಳಿ ಬಿಟ್ಟು ಬಂದವರಿಗೆ ಈ ಮಹಾನಗರದಲ್ಲಿ ನೆಂಟರಿಷ್ಟರ ಸ್ಥಾನದಲ್ಲಿ ನಿಂತದ್ದು ಸಂಘಗಳು. ಹಗಲು ಹೊಟೇಲಿನಲ್ಲಿ ದುಡಿದವರಿಗೆ ರಾತ್ರಿ ಶಾಲೆಗಳನ್ನು ತೆರೆದು ಓದಿಸಿದ್ದು ಇವೇ ಸಂಸ್ಥೆಗಳ ಹಿರಿಯರು. ಆ ಕಾಲದ ಕೊರತೆ ಅಕ್ಷರದ್ದಾಗಿತ್ತು. ಅಂಥದೇ ಕಾಳಜಿ ಇಂದು ಮಕ್ಕಳ ಮನಸ್ಸಿನ ಆರೋಗ್ಯದ ಕಡೆಗೂ ತಿರುಗಬೇಕಾಗಿದೆ. ಇದಕ್ಕೆ ದೊಡ್ಡ ನಿಧಿಯೇನೂ ಬೇಕಾಗಿಲ್ಲ.

ಸಂಘದ ಪ್ರತಿ ಆಮಂತ್ರಣ ಪತ್ರಿಕೆಯ ಹಿಂಬದಿ 14416 ಎಂಬ ಸಂಖ್ಯೆ ಅಚ್ಚಾಗಲಿ. ರಕ್ತದಾನ, ನೇತ್ರ ತಪಾಸಣೆಯ ಶಿಬಿರಗಳ ಸಾಲಿಗೆ ವರ್ಷಕ್ಕೊಮ್ಮೆಯಾದರೂ ಮನೋವೈದ್ಯರೊಂದಿಗೆ ಹೆತ್ತವರ ಸಂವಾದ ಸೇರಲಿ; ಪ್ರಶ್ನೆಗಳನ್ನು ಹೆಸರು ಬರೆಯದ ಚೀಟಿಯಲ್ಲಿ ತೆಗೆದುಕೊಂಡರೆ ಕೇಳುವವರಿಗೆ ಸಂಕೋಚವಿರದು. ಮಹಿಳಾ ವಿಭಾಗ ಮತ್ತು ಯುವ ವಿಭಾಗದಿಂದ ನಾಲ್ಕೈದು ಮಂದಿ ಮುಂದೆ ಬಂದು, ಮರಾಠಿ, ಹಿಂದಿ ಸರಿಯಾಗಿ ಬಾರದ ತಾಯಂದಿರ ಜತೆ ಆಸ್ಪತ್ರೆಗೆ ಹೋಗುವ ವ್ಯವಸ್ಥೆ ಮಾಡಿಕೊಳ್ಳಲಿ. ಅಲ್ಲಿ ಕೇಳಿದ್ದನ್ನು ಹೊರಗೆ ಆಡಬಾರದೆಂಬ ಕಟ್ಟುನಿಟ್ಟು ಅವರಿಗಿರಬೇಕು. ಸಂಘದ ಗ್ರಂಥಾಲಯಕ್ಕೆ ನಿಮ್ಹಾನ್ಸ್‌ನಲ್ಲಿ ದೀರ್ಘಕಾಲ ಸೇವೆ ಸಲ್ಲಿಸಿದ, 2024ರಲ್ಲಿ ಪದ್ಮಶ್ರೀ ಗೌರವ ಪಡೆದ ಡಾ. ಸಿ. ಆರ್. ಚಂದ್ರಶೇಖರ್ ಅವರು ಮಾನಸಿಕ ಆರೋಗ್ಯದ ಬಗ್ಗೆ ಸರಳ ಕನ್ನಡದಲ್ಲಿ ಬರೆದ ಪುಸ್ತಕಗಳನ್ನು ತರಿಸಿಡಲಿ.

ಪ್ರತಿಭಾ ಪುರಸ್ಕಾರ ಎಂದಿನಂತೆ ನಡೆಯಲಿ. ಆದರೆ ವೇದಿಕೆಯಿಂದ ಹಿತವಚನ ನೀಡುವ ಗಣ್ಯರು ಅಂಕದ ಮಾತಿನ ನಡುವೆ ಒಂದು ವಾಕ್ಯವನ್ನು ಸೇರಿಸಬಹುದು: ಮನಸ್ಸಿಗೆ ಕಾಯಿಲೆ ಬಂದರೆ ಅದು ಯಾರ ತಪ್ಪೂ ಅಲ್ಲ, ಡಾಕ್ಟರರ ಬಳಿ ಹೋಗುವುದು ನಾಚಿಕೆಯ ಸಂಗತಿಯಲ್ಲ. ಸಭಿಕರಲ್ಲಿ ಒಬ್ಬ ತಾಯಿಯಾದರೂ ಆ ಮಾತಿಗಾಗಿ ಕಾಯುತ್ತಿರಬಹುದು.

ಡೊಂಬಿವಲಿಯ ಆ ಮನೆಯ ಚಿತ್ರಕ್ಕೆ ಮರಳಿದರೆ, ಚಿಕಿತ್ಸೆ ಆರಂಭವಾದ ಹುಡುಗಿ ಒಂದೇ ದಿನದಲ್ಲಿ ಮೊದಲಿನಂತಾಗುವುದಿಲ್ಲ. ಮೊದಲು ನಿದ್ದೆ ಸರಿಹೋಗುತ್ತದೆ. ಕೆಲವು ವಾರಗಳ ಮೇಲೆ ಒಂದು ದಿನ ತಾನಾಗಿ ತಲೆ ಬಾಚಿಕೊಂಡು ಅಡುಗೆಮನೆಗೆ ಬಂದು, "ಅಮ್ಮ, ತಿನ್ನಲು ಏನಿದೆ?" ಎನ್ನುತ್ತಾಳೆ. ತಂದೆ ವಾರಕ್ಕೊಂದು ಅರ್ಧ ದಿನ ರಜೆ ಕೇಳಿ ಅವಳ ಜತೆ ಆಸ್ಪತ್ರೆಗೆ ಹೋಗಿಬರುತ್ತಾರೆ. ಪರೀಕ್ಷೆಗೆ ಒಂದು ವರ್ಷ ತಡವಾಗಬಹುದು. ವರ್ಷ ಹೋದರೆ ಇನ್ನೊಂದು ವರ್ಷ ಬರುತ್ತದೆ, ಮಗು ಉಳಿದರೆ ಎಲ್ಲವೂ ಉಳಿದಂತೆ. ಮುಂದಿನ ಮಳೆಗಾಲದ ಸಮಾರಂಭಕ್ಕೆ ಅವಳು ಬಂದು ಹಿಂದಿನ ಸಾಲಿನಲ್ಲಿ ಕುಳಿತರೆ "ಎಷ್ಟು ಪರ್ಸೆಂಟ್?" ಎಂದು ಯಾರೂ ಕೇಳದಿರಲಿ. "ಹೇಗಿದ್ದೀ ಮಗಾ?" ಎಂದು ಕೇಳಿ, ಅವಳು ಉತ್ತರ ಹೇಳುವವರೆಗೆ ನಿಂತರೆ ಸಾಕು.